ಹಳೆಯ ಕಾರಿಗೆ ಮೊದಲು ಬಣ್ಣವೋ, ಶಾಕ್ ಅಬ್ಸಾರ್ಬರೋ?

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡವನು ಅದಕ್ಕಾಗಿ ಮಾಡಬೇಕಾದ ಮೊದಲ ಖರ್ಚು ಯಾವುದು? ಬಣ್ಣ ಎನ್ನುವವರಿದ್ದಾರೆ, ಹೊಳೆಯುವ ಚಕ್ರಗಳು ಎನ್ನುವವರಿದ್ದಾರೆ, ಸೀಟಿನ ಹೊದಿಕೆ ಎನ್ನುವವರೂ ಇದ್ದಾರೆ. ಬ್ರೇಕು ಮತ್ತು ಟೈರುಗಳು ನೆಟ್ಟಗಿವೆಯೆಂದು ಖಾತ್ರಿಯಾದ ಮೇಲೆ ಮೊದಲ ಹಣ ಸವೆದ ಶಾಕ್ ಅಬ್ಸಾರ್ಬರುಗಳನ್ನು ಬದಲಿಸುವುದಕ್ಕೇ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅವು ಕಾರಿನ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಇರುತ್ತವೆ. ಆದ್ದರಿಂದಲೇ ಅವುಗಳ ಪರವಾಗಿ ಯಾರಾದರೂ ವಕಾಲತ್ತು ವಹಿಸಬೇಕಾಗುತ್ತದೆ.

ಜೀವಮಾನವೆಲ್ಲ ಸೈಕಲ್ಲು ಮತ್ತು ಸರ್ಕಾರಿ ಬಸ್ಸುಗಳಲ್ಲಿ ಓಡಾಡಿದ ಮೇಷ್ಟರಿಗೆ ಸ್ಪೋರ್ಟ್ಸ್ ಕಾರಿನ ಉಸಾಬರಿ ಏಕೆ ಎಂದು ನೀವು ನಗಬಹುದು. ಕಾರಣ ಇದೆ. ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕದ ಮಿಶಿಗನ್ ರಾಜ್ಯಕ್ಕೆ ಹೋಗಿ ಕೆಲವು ತಿಂಗಳು ಇದ್ದೆ. ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ. ಹತ್ತನೆಯ ತರಗತಿಯಲ್ಲಿ ಭೌತಶಾಸ್ತ್ರದ ಪ್ರಶ್ನೆಗಳಿಗೆ ಉತ್ತರಕ್ಕಿಂತ ಮೊದಲು ಚಿತ್ರ ಬರೆಯುತ್ತಿದ್ದ ಹುಡುಗ ಆತ. ಈಗ ನಲವತ್ತು ದಾಟಿದ ಇಂಜಿನಿಯರು. ಅವನ ಬಳಿ 1992ರ ಮಾಜ್ದಾ ಮಿಯಾಟಾ ಕಾರು ಇದೆ. ಕೆಂಪು ಬಣ್ಣ, ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ.

ಮಿಯಾಟಾ ಸಾಮಾನ್ಯ ಕಾರಲ್ಲ. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಮೊದಲ ತಲೆಮಾರಿನವು 1997ರವರೆಗೆ ತಯಾರಾದವು. 2016ರ ಏಪ್ರಿಲ್ ತಿಂಗಳಲ್ಲಿ ಈ ಹೆಸರಿನ ಹತ್ತು ಲಕ್ಷದ ಕಾರು ಜಪಾನಿನ ಕಾರ್ಖಾನೆಯಿಂದ ಹೊರಬಂದಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಇದೇ ಎಂದು ಗಿನ್ನೆಸ್ ದಾಖಲೆಯೂ ಇದೆ. ಇದರ ಹಿರಿಮೆ ವೇಗದಲ್ಲಿಲ್ಲ. 1992ರ ಕಾರಿನ ಇಂಜಿನ್ನು ಕೇವಲ 1.6 ಲೀಟರಿನದು. ತೂಕ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ. ಆ ತೂಕ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿದೆ. ಅದನ್ನು ರೂಪಿಸಿದ ಜಪಾನೀಯರು ‘ಜಿನ್ಬಾ ಇತ್ತಾಯ್’ ಎಂಬ ಮಾತನ್ನು ಗುರಿಯಾಗಿ ಇಟ್ಟುಕೊಂಡಿದ್ದರು. ಕುದುರೆ ಮತ್ತು ಸವಾರ ಇಬ್ಬರೂ ಒಂದೇ ದೇಹವಾಗುವುದು ಎಂದು ಅದರ ಅರ್ಥ.

ಒಂದು ಸಂಜೆ ಆತ ನನ್ನನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಹೆದ್ದಾರಿಯಿಂದ ಕೆಳಗಿಳಿಯುವ ತಿರುವಿನಲ್ಲಿ ಕಾಂಕ್ರೀಟಿನ ಎರಡು ಸಂದುಗಳಿದ್ದವು. ಅವುಗಳ ಮೇಲೆ ಹಾಯುವಾಗ ಕಾರಿನ ಹಿಂಭಾಗ ಗೇಣುದ್ದ ಪಕ್ಕಕ್ಕೆ ಜಿಗಿಯಿತು. ಆತ ಸ್ಟಿಯರಿಂಗನ್ನು ಸ್ವಲ್ಪ ತಿರುಗಿಸಿ ಸರಿಪಡಿಸಿಕೊಂಡು, "ಹಳೇ ಕಾರು ಸಾರ್, ಇದು ಹೀಗೇ" ಎಂದು ನಕ್ಕ. ಮುಂದಿನ ಮಾತಿನಲ್ಲೇ, ಪ್ರತಿ ಶನಿವಾರ ಹನ್ನೆರಡು ವರ್ಷದ ಮಗಳನ್ನು ಅದೇ ಸೀಟಿನಲ್ಲಿ ಕೂರಿಸಿಕೊಂಡು ಸಂಗೀತದ ಪಾಠಕ್ಕೆ ಬಿಡುವುದಾಗಿಯೂ, ಬರುವ ತಿಂಗಳು ಕಾರಿಗೆ ಹೊಸ ಬಣ್ಣ ಹೊಡೆಸುವುದಾಗಿಯೂ ಹೇಳಿದ. ಈ ಲೇಖನ ಹುಟ್ಟಿದ್ದು ಆ ‘ಹೀಗೇ’ ಎಂಬ ಮಾತಿನಿಂದ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸೋಣ. ಶಾಕ್ ಅಬ್ಸಾರ್ಬರ್ ಎಂದರೆ ಆಘಾತವನ್ನು ಹೀರುವುದು ಎಂದರ್ಥ. ಆದರೆ ರಸ್ತೆಯ ಆಘಾತವನ್ನು ಮೊದಲು ತೆಗೆದುಕೊಳ್ಳುವುದು ಟೈರು ಮತ್ತು ಸ್ಪ್ರಿಂಗು. ಸ್ಪ್ರಿಂಗು ಶಕ್ತಿಯನ್ನು ಸಾಲ ಪಡೆಯುತ್ತದೆ, ಮರುಕ್ಷಣದಲ್ಲಿ ಹಿಂದಿರುಗಿಸುತ್ತದೆ. ಹೀಗೆ ಕೊಡುವುದು ಪಡೆಯುವುದು ನಡೆಯುತ್ತಲೇ ಇದ್ದರೆ ಕಾರು ಉಯ್ಯಾಲೆಯಂತೆ ಆಡುತ್ತದೆ. ಆ ಆಟವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಇಂಗ್ಲೆಂಡಿನವರು ಇದನ್ನು ‘ಡ್ಯಾಂಪರ್’ ಎನ್ನುತ್ತಾರೆ, ಅದೇ ಸರಿಯಾದ ಹೆಸರು. ನಾವು ತರಗತಿಯಲ್ಲಿ ಓದಿದ ‘ಅವಮಂದನ’ ಇದೇ. ಉಯ್ಯಾಲೆಯ ಮೇಲಿನ ಮಗು ಕಾಲನ್ನು ನೆಲಕ್ಕೆ ತಾಗಿಸಿ ವೇಗ ತಗ್ಗಿಸುವುದನ್ನು ನೆನೆಸಿಕೊಳ್ಳಿ. ನಮ್ಮ ಹಳೆಯ ಜಟಕಾ ಗಾಡಿಗಳಿಗೆ ಬೇರೆ ಡ್ಯಾಂಪರು ಇರಲಿಲ್ಲ. ಕಮಾನಿನ ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ಆ ಘರ್ಷಣೆಯೇ ಅಷ್ಟಿಷ್ಟು ಅವಮಂದನ ಕೊಡುತ್ತಿತ್ತು. ಸುರುಳಿ ಸ್ಪ್ರಿಂಗಿನಲ್ಲಿ ಅಂತಹ ಉಜ್ಜಾಟವಿಲ್ಲ. ಆದ್ದರಿಂದ ಡ್ಯಾಂಪರು ಇಲ್ಲದೆ ಅದರ ಬದುಕು ನಡೆಯದು.

ಡ್ಯಾಂಪರಿನ ಒಳಗೆ ಇರುವುದು ಎಣ್ಣೆ ತುಂಬಿದ ಕೊಳವೆ, ಸಣ್ಣ ರಂಧ್ರಗಳೂ ತೆಳ್ಳನೆಯ ಉಕ್ಕಿನ ಬಿಲ್ಲೆಗಳೂ ಇರುವ ಪಿಸ್ಟನ್, ಹಲವು ಬಗೆಗಳಲ್ಲಿ ಒತ್ತಡದಲ್ಲಿಟ್ಟ ನೈಟ್ರೋಜನ್ ಅನಿಲ. ಚಕ್ರ ಮೇಲೆ ಕೆಳಗೆ ಆಡಿದಂತೆ ಪಿಸ್ಟನ್ ಎಣ್ಣೆಯನ್ನು ಕಿರಿದಾದ ದಾರಿಗಳಲ್ಲಿ ನುಗ್ಗಿಸುತ್ತದೆ. ಚಲನಶಕ್ತಿ ಉಷ್ಣವಾಗಿ ಮಾರ್ಪಟ್ಟು ಗಾಳಿಯಲ್ಲಿ ಸೇರಿಹೋಗುತ್ತದೆ. ಎಣ್ಣೆಯಲ್ಲಿ ನೊರೆ ಏಳದಂತೆ ತಡೆಯುವುದು ಅನಿಲದ ಒತ್ತಡ. ಇಷ್ಟೇ ಯಂತ್ರ, ಆದರೆ ಇದರ ದುಡಿಮೆಯನ್ನು ಲೆಕ್ಕ ಹಾಕಿ ನೋಡಿ. ಇಂತಹ ಕಾರಿನ ದೇಹ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಸುಮಾರು ಒಂದೂವರೆ ಬಾರಿ ತೂಗುವ ಸ್ವಭಾವದ್ದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಕಿಲೋಮೀಟರಿಗೆ ಒಂದು ನಿಮಿಷ, ಅಂದರೆ 90 ತೂಗಾಟ. ನನ್ನ ವಿದ್ಯಾರ್ಥಿಯ ಕಾರು ಓಡಿರುವುದು 68,000 ಮೈಲಿ, ಅಂದರೆ ಸುಮಾರು 1,09,000 ಕಿ.ಮೀ. ಗುಣಿಸಿದರೆ ಒಂದು ಕೋಟಿಯ ಹತ್ತಿರ ಬರುತ್ತದೆ. ಚಕ್ರದ ಸ್ವಂತ ಕುಣಿತ ಸೆಕೆಂಡಿಗೆ ಹತ್ತಕ್ಕೂ ಮಿಗಿಲು. ಅದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಇಷ್ಟು ದುಡಿದದ್ದು ಸವೆಯದೆ ಇದ್ದೀತೇ? ಬಿಲ್ಲೆಗಳು ದಣಿಯುತ್ತವೆ, ಎಣ್ಣೆ ಕೆಡುತ್ತದೆ, ಅನಿಲ ಸೋರುತ್ತದೆ, ರಬ್ಬರಿನ ಸೀಲು ಗಟ್ಟಿಯಾಗಿ ಬಿರಿಯುತ್ತದೆ. "ವರ್ಷಕ್ಕೆ ಎರಡು ಸಾವಿರ ಮೈಲಿ ಕೂಡ ಓಡಿಸುವುದಿಲ್ಲ ಸಾರ್" ಎಂಬುದು ಅವನ ವಾದ. ರಬ್ಬರು ನಿಂತಲ್ಲೇ ಮುದಿಯಾಗುತ್ತದೆ ಎಂಬುದು ನನ್ನ ಉತ್ತರ.

ಇನ್ನು ಮುಖ್ಯ ವಿಷಯ. ಸವೆದರೆ ಏನಾಗುತ್ತದೆ? ಸಾಮಾನ್ಯ ಕಾರುಗಳಲ್ಲಿ ಅವಮಂದನವು ‘ಕ್ರಾಂತಿಕ’ ಮಟ್ಟದ, ಅಂದರೆ ಒಂದೂ ಮರುತೂಗಾಟವಿಲ್ಲದೆ ನಿಲ್ಲಿಸುವ ಮಟ್ಟದ, ಸುಮಾರು ಕಾಲು ಭಾಗದಷ್ಟು ಇರುತ್ತದೆ ಎಂದು ಹಿಡಿಯೋಣ. ಸ್ಪೋರ್ಟ್ಸ್ ಕಾರಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಕಾಲು ಭಾಗ ಇದ್ದಾಗ, 5 ಸೆಂ.ಮೀ. ಎದ್ದ ಕಾರು ಒಂದು ಪೂರ್ಣ ತೂಗಾಟದ ನಂತರ 1 ಸೆಂ.ಮೀ., ಎರಡನೆಯದರ ನಂತರ 2 ಮಿ.ಮೀ. ಮಾತ್ರ ಏಳುತ್ತದೆ. ಡ್ಯಾಂಪರಿನ ಬಲ ಅರ್ಧಕ್ಕೆ ಇಳಿದರೆ ಅದೇ ಕಾರು ಒಂದು ತೂಗಾಟದ ನಂತರವೂ 2 ಸೆಂ.ಮೀ.ಗೆ ಮೇಲ್ಪಟ್ಟು, ಎರಡರ ನಂತರವೂ 1 ಸೆಂ.ಮೀ. ಏಳುತ್ತದೆ. ಬಲ ಅರ್ಧವಾದರೆ ಉಳಿದ ಕುಣಿತ ಎರಡು ತೂಗಾಟಗಳಲ್ಲಿ ಐದು ಪಟ್ಟಾಯಿತು. ಹತ್ತನೆಯ ತರಗತಿಯಲ್ಲಿ ಇದನ್ನು ಕಲಿಸಲು ಪಠ್ಯಕ್ರಮ ಬಿಡುತ್ತಿರಲಿಲ್ಲ, ಈಗ ಬಿಡುವಿದೆ.

ಕುಣಿತವೆಂದರೆ ಸವಾರನ ಸುಖದ ಪ್ರಶ್ನೆ ಎಂದುಕೊಳ್ಳಬೇಡಿ. ಟೈರು ನೆಲವನ್ನು ಹಿಡಿಯುವುದು ಅದರ ಮೇಲಿರುವ ಭಾರದಿಂದ. ಆ ಭಾರ ಏರಿಳಿಯುತ್ತಿದ್ದರೆ, ಏರಿದಾಗ ಸಿಕ್ಕ ಹಿಡಿತ ಇಳಿದಾಗ ಕಳೆದುಕೊಂಡ ಹಿಡಿತಕ್ಕೆ ಸಮನಾಗುವುದಿಲ್ಲ, ಒಟ್ಟಿನಲ್ಲಿ ನಷ್ಟವೇ. ಉಬ್ಬುತಗ್ಗಿನ ರಸ್ತೆಯಲ್ಲಿ ಬ್ರೇಕು ಒತ್ತಿದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ತಿರುವಿನಲ್ಲಿ ಒಂದು ಸಂದು ಸಿಕ್ಕರೆ ಚಕ್ರ ಅರೆಗಳಿಗೆ ನೆಲವನ್ನೇ ಬಿಡುತ್ತದೆ. ಹಗುರವಾದ ಕಾರಿನಲ್ಲಿ ಇಡೀ ದೇಹದ ಎದುರು ಚಕ್ರ ಮತ್ತು ಅದರ ಪರಿವಾರದ ತೂಕದ ಪಾಲು ದೊಡ್ಡದು; ಆದ್ದರಿಂದ ಚಕ್ರದ ಕುಣಿತ ಅದನ್ನು ಹೆಚ್ಚು ಕಾಡುತ್ತದೆ. ಮಿಶಿಗನ್‌ನಲ್ಲಿ ಚಳಿಗಾಲದ ನೀರು ರಸ್ತೆಯ ಬಿರುಕಿನಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ವಸಂತ ಬರುವಷ್ಟರಲ್ಲಿ ರಸ್ತೆಯ ತುಂಬ ಗುಂಡಿ. ಆ ಗೇಣುದ್ದದ ಜಿಗಿತ ಮಳೆ ಬಂದ ದಿನ, ಎದುರಿಗೆ ಲಾರಿಯೊಂದು ಬರುವಾಗ ಆಗಿದ್ದರೆ?

ಇಷ್ಟು ದೊಡ್ಡ ಕೊರತೆ ಓಡಿಸುವವನಿಗೆ ಏಕೆ ತಿಳಿಯುವುದಿಲ್ಲ? ಏಕೆಂದರೆ ಅದು ಒಂದೇ ದಿನ ಬರುವುದಿಲ್ಲ. ಪಂಕ್ಚರು ತಕ್ಷಣ ತಿಳಿಯುತ್ತದೆ. ಡ್ಯಾಂಪರಿನ ಸವೆತ ವರ್ಷಗಳ ಕಾಲ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬರುತ್ತದೆ. ಓಡಿಸುವವನ ಕೈಗಳು ಅಷ್ಟಷ್ಟೇ ಹೊಂದಿಕೊಳ್ಳುತ್ತವೆ. ನನ್ನ ವಯಸ್ಸಿನ ಓದುಗರಿಗೆ ಕಣ್ಣಿನ ಪೊರೆಯ ಅನುಭವವಿರಬಹುದು. ಒಂದು ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿಚ್ಚಿದ ದಿನ ಇನ್ನೊಂದು ಕಣ್ಣಿನಿಂದ ನೋಡಿದರೆ ಲೋಕವೆಲ್ಲ ಹಳದಿ. ಅದುವರೆಗೆ ಆ ಹಳದಿಯೇ ಬಿಳುಪು ಎಂದು ಮನಸ್ಸು ಒಪ್ಪಿಕೊಂಡಿರುತ್ತದೆ. ಆದ್ದರಿಂದ "ನನಗೇನೂ ವ್ಯತ್ಯಾಸ ಕಾಣುತ್ತಿಲ್ಲ" ಎಂಬ ಮಾತನ್ನು ಈ ವಿಷಯದಲ್ಲಿ ಸಾಕ್ಷಿಯಾಗಿ ಒಪ್ಪಲಾಗದು. "ಹಳೆಯದು, ಹೀಗೇ" ಎನ್ನುವುದು ಇನ್ನೂ ಕೆಟ್ಟ ಮಾತು. ವಯಸ್ಸನ್ನು ಕಾರಣವಾಗಿ ಹೇಳಿಬಿಟ್ಟರೆ ನಿಜವಾದ ಕಾರಣವನ್ನು ಹುಡುಕುವ ಶ್ರಮ ತಪ್ಪುತ್ತದೆ. ಈ ಮಾತು ಮುದುಕರಿಗೂ ಅನ್ವಯಿಸುತ್ತದೆ ಎಂಬುದನ್ನು ನನ್ನ ಬಂಧುಗಳು ಗಮನಿಸಬೇಕಾಗಿ ಕೋರಿಕೆ.

ಪರೀಕ್ಷೆ ಹೇಗೆ? ಕಾರಿನ ಮೂಲೆಯನ್ನು ಕೈಯಿಂದ ಅದುಮಿ ಬಿಟ್ಟು, ಎಷ್ಟು ಸಲ ಕುಣಿಯಿತು ಎಂದು ಎಣಿಸುವ ಪದ್ಧತಿ ಎಲ್ಲೆಡೆ ಇದೆ. ಕುಣಿದರೆ ಡ್ಯಾಂಪರು ಹೋಗಿದೆ ಎನ್ನುವುದು ನಿಜ. ಆದರೆ ಕುಣಿಯಲಿಲ್ಲ ಎಂದ ಮಾತ್ರಕ್ಕೆ ಅದು ಚೆನ್ನಾಗಿದೆ ಎನ್ನಲಾಗದು. ಕೈಯ ಅದುಮು ನಿಧಾನ. ಹಳೆಯ ಕೀಲುಗಳ ಘರ್ಷಣೆಯೇ ಆ ಚಲನೆಯನ್ನು ನಿಲ್ಲಿಸಬಲ್ಲದು. ರಸ್ತೆಯ ಹೊಡೆತದ ವೇಗವೇ ಬೇರೆ. ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಇದೆಯೇ, ಟೈರಿನ ಮೈ ಅಲ್ಲಲ್ಲಿ ತಟ್ಟೆಯಂತೆ ಸವೆದಿದೆಯೇ, ಬ್ರೇಕು ಹಾಕಿದಾಗ ಮೂಗು ಮುಗ್ಗರಿಸುತ್ತದೆಯೇ ಎಂದೂ ನೋಡಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ಮೂವತ್ತು ವರ್ಷದ ಕಾರಿನಲ್ಲಿ ಡ್ಯಾಂಪರು ಬದಲಿಸಿದ ದಾಖಲೆಯೇ ಇಲ್ಲದಿದ್ದರೆ ಬೇರೆ ಪರೀಕ್ಷೆಯ ಅಗತ್ಯವಿಲ್ಲ. ಅನೇಕರು ಸುಮಾರು 80,000 ಕಿ.ಮೀ.ಗೇ ಬದಲಿಸಿ ಎನ್ನುತ್ತಾರೆ.

ಈ ವಿಷಯದಲ್ಲಿ ಕೇಳಿಬರುವ ಮೂರು ವಾದಗಳಿಗೆ ಉತ್ತರಿಸಬೇಕು.

ಒಂದು, ಮೂಲ ಭಾಗಗಳನ್ನು ಬದಲಿಸಿದರೆ ಕಾರಿನ ಹಳಮೆಗೆ ಕುಂದು ಎನ್ನುವವರದು. ಹಳಮೆಯನ್ನು ನಾನೂ ಗೌರವಿಸುತ್ತೇನೆ. ಇಂಗ್ಲೆಂಡಿನ ಎಂಜಿಬಿ ಕಾರು 1962ರಿಂದ 1980ರವರೆಗೆ ತಯಾರಾಯಿತು. ಅದರ ಡ್ಯಾಂಪರು ಕೊಳವೆಯಾಕಾರದ್ದಲ್ಲ, ತೋಳಿನಾಕಾರದ್ದು. ಮುಂದಿನ ಚಕ್ರಗಳಲ್ಲಿ ಆ ತೋಳೇ ಚಕ್ರವನ್ನು ಹಿಡಿದಿಡುವ ಮೇಲಿನ ಕೀಲು. ಅದನ್ನು ಬಿಚ್ಚಿ ಮರುಜೀವ ಕೊಟ್ಟು ಮತ್ತೆ ಕೂರಿಸುವುದು ಒಳ್ಳೆಯ ಕೆಲಸ. ಆದರೆ ಮಿಯಾಟಾದ ಡ್ಯಾಂಪರು ಟೈರಿನ ಹಾಗೆ, ಬ್ರೇಕಿನ ಹಾಗೆ ಸವೆಯಲೆಂದೇ ಮಾಡಿದ ಭಾಗ. ಅದು ಕೆಲಸ ಮಾಡುವಾಗ ಕಾರು ಹೇಗೆ ಓಡುತ್ತಿತ್ತೋ ಆ ಓಟವೇ ಕಾರಿನ ಮೂಲರೂಪ. ಸತ್ತ ಡ್ಯಾಂಪರನ್ನು ಉಳಿಸಿಕೊಂಡವನು ಲೋಹವನ್ನು ಉಳಿಸಿಕೊಂಡು ಕಾರನ್ನು ಕಳೆದುಕೊಂಡಿದ್ದಾನೆ. ಸ್ವತಃ ಮಾಜ್ದಾ ಕಂಪನಿಯೇ 2017ರಲ್ಲಿ ಜಪಾನಿನಲ್ಲಿ ಮೊದಲ ತಲೆಮಾರಿನ ಕಾರುಗಳ ಜೀರ್ಣೋದ್ಧಾರ ಯೋಜನೆಯನ್ನು ಪ್ರಕಟಿಸಿ, ಚಾವಣಿಯ ಬಟ್ಟೆಯಿಂದ ಹಿಡಿದು ಅಂದಿನ ಮಾದರಿಯ ಟೈರಿನವರೆಗೆ ಹೊಸದಾಗಿ ಮಾಡಿಸಲು ಹೊರಟಿತು.

ಎರಡು, ಸ್ಪೋರ್ಟ್ಸ್ ಕಾರಿಗೆ ಅತ್ಯಂತ ಬಿರುಸಾದದ್ದನ್ನೇ ಹಾಕಬೇಕು ಎನ್ನುವವರದು. ರೇಸಿನ ಅಂಗಳ ಕನ್ನಡಿಯಂತೆ ನುಣುಪು. ಅಲ್ಲಿ ಅದು ಸರಿ. ಗುಂಡಿಯ ರಸ್ತೆಯಲ್ಲಿ ಅತಿ ಬಿರುಸಾದ ಡ್ಯಾಂಪರು ಚಕ್ರವನ್ನು ಉಬ್ಬಿನ ಆಚೆ ಇಳಿಯಲು ಬಿಡುವುದಿಲ್ಲ. ಟೈರು ಗಾಳಿಯಲ್ಲಿ ಉಳಿಯುತ್ತದೆ. ಸವೆದದ್ದರಿಂದ ಬರುವ ಅಪಾಯವೇ ಬೇರೆ ಬಾಗಿಲಿನಿಂದ ಬಂದಂತಾಯಿತು. ಸ್ಪ್ರಿಂಗು ಮತ್ತು ಡ್ಯಾಂಪರು ಜೋಡೆತ್ತುಗಳು. ಒಂದನ್ನು ಬದಲಿಸಿದರೆ ಇನ್ನೊಂದಕ್ಕೆ ಹೊಂದುವಂತಿರಬೇಕು. ಮೂಲ ಸ್ಪ್ರಿಂಗು ಇಟ್ಟುಕೊಳ್ಳುವವನಿಗೆ ಮೂಲದ ಅಳತೆಯ, ಅಥವಾ ಅದಕ್ಕಿಂತ ತುಸು ಬಿಗಿಯಾದ ಡ್ಯಾಂಪರು ಸಾಕು. ಕೆವೈಬಿ, ಬಿಲ್ಸ್ಟೈನ್, ಕೋನಿ ಮುಂತಾದ ಹೆಸರುಗಳ ಬಗ್ಗೆ ಗಂಟೆಗಟ್ಟಲೆ ವಾದಿಸಬಹುದು. ಆದರೆ ಯಾವುದೇ ಒಳ್ಳೆಯ ಹೊಸ ಡ್ಯಾಂಪರು ಸತ್ತ ಡ್ಯಾಂಪರಿಗಿಂತ ಮೇಲು.

ಮೂರು, ಸೋರುತ್ತಿರುವ ಒಂದನ್ನು ಮಾತ್ರ ಬದಲಿಸಿದರೆ ಸಾಲದೇ ಎನ್ನುವ ಮಿತವ್ಯಯಿಗಳದು. ನಾಲ್ಕೂ ಒಂದೇ ದಿನ ಹುಟ್ಟಿ ಒಂದೇ ದಾರಿಯಲ್ಲಿ ನಡೆದವು. ಎಡಗಾಲಿಗೆ ಹೊಸ ಚಪ್ಪಲಿ, ಬಲಗಾಲಿಗೆ ಹಳೆಯದು ಎಂದರೆ ನಡಿಗೆ ನೆಟ್ಟಗಾಗುವುದಿಲ್ಲ. ಕನಿಷ್ಠ ಜೋಡಿಯಾಗಿ, ಸಾಧ್ಯವಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು.

ನನ್ನ ಮಾತಿಗೆ ಗೌರವಕೊಟ್ಟೋ, ಲೆಕ್ಕಕ್ಕೆ ಸೋತೋ, ಆತ ಬಣ್ಣವನ್ನು ಮುಂದೂಡಿ ನಾಲ್ಕು ಡ್ಯಾಂಪರು ತರಿಸಿದ. ಒಳ್ಳೆಯ ಬಣ್ಣದ ಖರ್ಚಿನಲ್ಲಿ ಅದು ಒಂದು ಸಣ್ಣ ಭಾಗ ಮಾತ್ರ. ಎರಡು ಭಾನುವಾರ ಅವನ ಗ್ಯಾರೇಜಿನಲ್ಲಿ ಟಾರ್ಚು ಹಿಡಿದು ನಿಂತವನು ನಾನು. ಈ ಕಾರಿನಲ್ಲಿ ಡ್ಯಾಂಪರಿನ ಸುತ್ತಲೇ ಸ್ಪ್ರಿಂಗು ಸುತ್ತಿಕೊಂಡಿದೆ. ಹಿಂದಿನವುಗಳ ಮೇಲಿನ ನಟ್ಟುಗಳು ಡಿಕ್ಕಿಯ ಒಳಗೆ ಸಿಗುತ್ತವೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನಿಂದ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದರಿಂದ ಬಚಾವಾಯಿತು. ಅದುಮಿಟ್ಟ ಸ್ಪ್ರಿಂಗನ್ನು ಬಿಚ್ಚುವ ಹಂತ ಅಪಾಯಕಾರಿ. ತಲೆಯ ನಟ್ಟು ಬಿಚ್ಚುವ ಮೊದಲು ಸ್ಪ್ರಿಂಗನ್ನು ಕಂಪ್ರೆಸರಿನಿಂದ ಬಿಗಿಯಾಗಿ ಹಿಡಿಯದಿದ್ದರೆ ಅದು ಗುಂಡಿನಂತೆ ಹಾರುತ್ತದೆ. ಸರಿಯಾದ ಸಾಧನವಿಲ್ಲದವರು ದಯವಿಟ್ಟು ವರ್ಕ್‌ಶಾಪಿಗೆ ಕೊಡಿ; ಇದರಲ್ಲಿ ಸ್ವಾಭಿಮಾನದ ಪ್ರಶ್ನೆಯಿಲ್ಲ.

ಬಿಚ್ಚಿದ ಮೇಲೆ ಕಂಡದ್ದೇನು? ಡ್ಯಾಂಪರಿನ ದಂಡದ ಸುತ್ತ ‘ಬಂಪ್ ಸ್ಟಾಪ್’ ಎಂಬ ಫೋಮಿನ ತುಂಡೊಂದು ಇರಬೇಕು. ಸ್ಪ್ರಿಂಗು ಪೂರ್ತಿ ಅದುಮಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ಕೊನೆಯ ದಿಂಬು ಅದು. ಚಕ್ರದ ಓಡಾಟಕ್ಕೆ ಸ್ಥಳ ಕಡಿಮೆ ಇರುವ ಈ ಕಾರಿನಲ್ಲಿ ಅದಕ್ಕೆ ದಿನನಿತ್ಯದ ಕೆಲಸವೇ ಇದೆ. ನಾಲ್ಕರಲ್ಲಿ ಮೂರು ಕಡೆ ಅದು ಹಳೆಯ ರಂಗೋಲಿ ಪುಡಿಯಂತೆ ಉದುರಿತು. ಒಂದು ಡ್ಯಾಂಪರಿನ ದಂಡವನ್ನು ಒಂದೇ ಬೆರಳಿನಿಂದ ಒಳಗೆ ತಳ್ಳಿದರೆ ಎಲ್ಲಿಯೂ ತಡೆಯಿಲ್ಲದೆ ಇಳಿದುಹೋಯಿತು. ಹೊರಗಿನಿಂದ ನೋಡಿದರೆ ಆ ಡ್ಯಾಂಪರು ಒಣಗಿ ಶುಭ್ರವಾಗಿಯೇ ಇತ್ತು. ಆತ ಅದನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ಏನೂ ಮಾತನಾಡಲಿಲ್ಲ. ನಾನೂ ಆಡಲಿಲ್ಲ.

ಹೊಸದನ್ನು ಕೂರಿಸುವಾಗ ನೆನಪಿಡಬೇಕಾದವು ಎರಡು. ಬಂಪ್ ಸ್ಟಾಪು, ಧೂಳಿನ ಕವಚ, ಮೇಲಿನ ರಬ್ಬರುಗಳನ್ನೂ ಜೊತೆಗೇ ಬದಲಿಸಬೇಕು. ಎಲ್ಲ ಬಿಚ್ಚಿದ ಮೇಲೆ ನೂರು ರೂಪಾಯಿ ಉಳಿಸಲು ಹೋಗಿ ಮತ್ತೊಮ್ಮೆ ಬಿಚ್ಚುವುದು ಜಾಣತನವಲ್ಲ. ರಬ್ಬರಿನ ಕೀಲುಗಳ ಮೂಲಕ ಹೋಗುವ ಬೋಲ್ಟುಗಳನ್ನು ಕಾರು ಜಾಕಿನ ಮೇಲಿದ್ದಾಗ ಬಿಗಿಯಬಾರದು. ಕಾರು ತನ್ನ ಭಾರವನ್ನು ಚಕ್ರಗಳ ಮೇಲೆ ಹೊತ್ತು ನಿಂತ ಸ್ಥಿತಿಯಲ್ಲಿ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಯಲ್ಲಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕು.

ಮೂರನೆಯ ವಾರ ಅದೇ ತಿರುವಿನಲ್ಲಿ ಹೋದೆವು. ಸಂದುಗಳು ಎರಡು ಸಣ್ಣ ಸದ್ದಾಗಿ ಕೇಳಿಸಿದವು, ಅಷ್ಟೇ. ಆತನಿಗೆ ಆಶ್ಚರ್ಯ ತಂದದ್ದು ಬೇರೆ: ಹೊಸ ಡ್ಯಾಂಪರು ಹೆಚ್ಚು ಬಿಗಿಯಾಗಿದ್ದರೂ ಕಾರು ಮೊದಲಿಗಿಂತ ಮೃದುವಾಗಿತ್ತು. ಅದುವರೆಗೆ ಬೆನ್ನಿಗೆ ಬಡಿಯುತ್ತಿದ್ದದ್ದು ಸ್ಪೋರ್ಟ್ಸ್ ಕಾರಿನ ಸಹಜ ಬಿರುಸಲ್ಲ, ದಿಂಬು ಉದುರಿಹೋದ ಜಾಗದಲ್ಲಿ ಲೋಹ ಬಡಿಯುತ್ತಿದ್ದ ಹೊಡೆತ.

ನಿಮ್ಮಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇರುವವರು ಒಬ್ಬಿಬ್ಬರೇ ಇರಬಹುದು. ಆದರೆ ಹತ್ತು ವರ್ಷದ ಕಾರು, ಹದಿನೈದು ವರ್ಷದ ಮೋಟಾರು ಸೈಕಲ್ಲು ಬಹಳ ಮಂದಿಯ ಮನೆಯಲ್ಲಿದೆ. ಬೆಂಗಳೂರಿನ ರಸ್ತೆ ಉಬ್ಬುಗಳೂ ಮಲೆನಾಡಿನ ಮಳೆಗಾಲದ ಗುಂಡಿಗಳೂ ಮಿಶಿಗನ್‌ನ ಗುಂಡಿಗಳಿಗಿಂತ ಕರುಣಾಳುಗಳೇನಲ್ಲ. ಮೋಟಾರು ಸೈಕಲ್ಲಿನ ಮುಂದಿನ ಫೋರ್ಕಿನೊಳಗೂ ಇದೇ ಎಣ್ಣೆ, ಇದೇ ನಿಯಮ. ಮುಂದಿನ ಸರ್ವೀಸಿಗೆ ಬಿಡುವಾಗ ತೊಳೆದು ಪಾಲಿಶ್ ಮಾಡಿ ಎನ್ನುವುದರ ಜೊತೆಗೆ, "ಶಾಕ್ ಅಬ್ಸಾರ್ಬರ್ ನೋಡಿ, ರಬ್ಬರುಗಳನ್ನೂ ನೋಡಿ" ಎಂದು ಒಂದು ಮಾತು ಸೇರಿಸಿ. ಎಂದು ಬದಲಿಸಿದಿರಿ, ಆಗ ಎಷ್ಟು ಕಿಲೋಮೀಟರು ಓಡಿತ್ತು ಎಂದು ದಿನಾಂಕ ಸಹಿತ ಬರೆದಿಡಿ. ಕೈಗೆ ಮತ್ತು ಮೈಗೆ ಅಭ್ಯಾಸವಾಗಿಬಿಡುವ ಸವೆತವನ್ನು ಹಿಡಿಯಲು ಆ ಬರಹವೊಂದೇ ನಂಬಿಗಸ್ತ ಸಾಕ್ಷಿ.

ಬಣ್ಣ ಆಮೇಲೆ ಹೊಡೆಸಬಹುದು. ನನ್ನ ವಿದ್ಯಾರ್ಥಿಯ ಕಾರು ಈಗಲೂ ಅಲ್ಲಲ್ಲಿ ಮಾಸಿದ ಕೆಂಪಿನಲ್ಲೇ ಇದೆ. ಶನಿವಾರದ ಸಂಗೀತದ ಪಾಠಕ್ಕೆ ಅದರಿಂದ ಯಾವ ಅಡ್ಡಿಯೂ ಆಗಿಲ್ಲ.